ಪವಿತ್ರ ತೀರದ ಕಲ್ಲುಗೋಡೆಗಳು

ನದಿಗೂ ಸಾಧಕರಿಗೂ ಇರುವ ನಂಟು ಒಂದು ದೇಶಕ್ಕಾಗಲಿ ಒಂದು ಮತಕ್ಕಾಗಲಿ ಸೀಮಿತವಾದುದಲ್ಲ. ಏಕಾಂತವನ್ನು ಅರಸಿ ಹೊರಟವರು ಎಲ್ಲ ಕಾಲದಲ್ಲಿಯೂ ನೀರಿನ ಸಮೀಪಕ್ಕೇ ಬಂದು ನಿಂತಿದ್ದಾರೆ. ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಅಂತಹ ಒಂದು ನದೀಕಣಿವೆಯುಂಟು. ಸಿಲ್ ಮತ್ತು ಮಿನ್ಯೊ ಎಂಬ ಎರಡು ನದಿಗಳ ದಂಡೆಗಳಲ್ಲಿ ಹಬ್ಬಿರುವ ಆ ಸೀಮೆಗೆ ರಿಬೈರಾ ಸಾಕ್ರಾ ಎಂದು ಹೆಸರು. ‘ಪವಿತ್ರ ತೀರ’ ಎಂದು ಅದರ ಅರ್ಥ. ಮ್ಯಾಡ್ರಿಡ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನ ಮನೆಗೆ ಹೋಗಿದ್ದಾಗ, ಅಕ್ಟೋಬರ್ ತಿಂಗಳಿನ ಐದು ದಿನಗಳನ್ನು ಆ ಕಣಿವೆಯಲ್ಲಿ ಕಳೆಯುವ ಯೋಗ ನಮಗೆ ಒದಗಿತು. ಕಂಡುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಹಂಬಲವೇ ಈ ಲೇಖನಕ್ಕೆ ಕಾರಣ.

ಹೆಸರಿನ ಒಗಟು

ಮ್ಯಾಡ್ರಿಡ್ಡಿನಿಂದ ಔರೆನ್ಸೆ ಪಟ್ಟಣಕ್ಕೆ ೨೦೨೧ರ ಡಿಸೆಂಬರಿನಿಂದ ಅತಿವೇಗದ ರೈಲು ಸಂಚರಿಸುತ್ತಿದೆ. ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಔರೆನ್ಸೆಯ ನಡುಪೇಟೆಯಲ್ಲಿಯೇ ‘ಬುರ್ಗಾಸ್’ ಎಂಬ ಬಿಸಿನೀರಿನ ಬುಗ್ಗೆಗಳಿವೆ. ೬೦ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದ ನೀರು ಹಗಲಿರುಳೂ ಹೊಗೆಯಾಡುತ್ತ ಹರಿಯುತ್ತದೆ. ಅಲ್ಲಿಂದ ಮುಂದಕ್ಕೆ ಬಾಡಿಗೆಯ ಕಾರೇ ಗತಿ. ಕಣಿವೆಯ ಹಳ್ಳಿಗಳಿಗೆ ಬಸ್ಸುಗಳು ಬಹಳ ವಿರಳ.

ಓಸ್ ಪೆಯಾರೆಸ್ ಎಂಬ ಪುಟ್ಟ ಊರಿನಲ್ಲಿ ಸಿಲ್ ನದಿಯು ಮಿನ್ಯೊ ನದಿಯನ್ನು ಕೂಡಿಕೊಳ್ಳುತ್ತದೆ. ಕೂಡಿದ ಬಳಿಕ ಉಳಿಯುವ ಹೆಸರು ಮಿನ್ಯೊ ಮಾತ್ರ. ನೀರು ಸಿಲ್‌ನದು, ಕೀರ್ತಿ ಮಿನ್ಯೊವಿನದು ಎಂದು ಅಲ್ಲಿಯ ಜನ ಆಡಿಕೊಳ್ಳುತ್ತಾರೆ. ತಾನು ದುಡಿದು ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಈ ನದಿಯ ಮೇಲೆ ನಮಗೆ ಮೊದಲ ದಿನವೇ ಗೌರವ ಹುಟ್ಟಿತು.

ಸೀಮೆಯ ಹೆಸರಿನಲ್ಲಿಯೂ ಒಂದು ಒಗಟು ಅಡಗಿದೆ. ೧೧೨೪ನೆಯ ಇಸವಿಯ ಒಂದು ದಾನಪತ್ರದಲ್ಲಿ ಈ ಹೆಸರಿನ ಹಳೆಯ ರೂಪ ಕಾಣಸಿಗುತ್ತದೆ. ಅಲ್ಲಿಯ ಶಬ್ದ ‘ತೀರ’ವನ್ನು ಹೇಳುವುದಲ್ಲ, ಓಕ್ ಮರಗಳ ತೋಪನ್ನು ಹೇಳುವುದು; ಮುಂದಿನವರು ಅದನ್ನು ತಪ್ಪಾಗಿ ಓದಿ ತೀರವೆಂದು ಮಾಡಿದರು ಎಂಬುದು ವಿದ್ವಾಂಸರ ಅಭಿಪ್ರಾಯ. ತೋಪೋ ತೀರವೋ, ಪಾವಿತ್ರ್ಯ ಮಾತ್ರ ಎರಡು ಓದಿನಲ್ಲಿಯೂ ಉಳಿದುಕೊಂಡಿದೆ.

ಬರಿದಾದ ಮಠಗಳು

ಈ ಕಣಿವೆಗೆ ಕ್ರೈಸ್ತ ವಿರಕ್ತರು ಬಂದುದು ಬಹಳ ಹಿಂದೆ. ಎಸ್ಗೋಸ್ ಗ್ರಾಮದ ಬಳಿಯ ಸಾನ್ ಪೆದ್ರೊ ದೆ ರೊಕಾಸ್ ಮಠದ ಸ್ಥಾಪನೆಯನ್ನು ಹೇಳುವ ಶಿಲಾಶಾಸನ ಕ್ರಿ.ಶ. ೫೭೩ರದು. ಇಲ್ಲಿ ಕಟ್ಟಿದ್ದಕ್ಕಿಂತ ಕೊರೆದದ್ದೇ ಹೆಚ್ಚು. ಬಂಡೆಯನ್ನೇ ತೋಡಿ ಮೂರು ಗರ್ಭಗೃಹಗಳನ್ನು ಮಾಡಿದ್ದಾರೆ; ನೆಲದ ಬಂಡೆಯಲ್ಲಿ ಮನುಷ್ಯಾಕಾರದ ಸಮಾಧಿಗಳನ್ನು ತೋಡಿದ್ದಾರೆ; ಗಂಟೆಯ ಗೋಪುರವೂ ಒಂದು ಹೆಬ್ಬಂಡೆಯ ನೆತ್ತಿಯ ಮೇಲೆಯೇ ನಿಂತಿದೆ. ಒಳಗೆ ಕಾಲಿಟ್ಟರೆ ತಣ್ಣನೆಯ ಕತ್ತಲು, ಪಾಚಿಯ ವಾಸನೆ.

ಅಲ್ಲಿಂದ ನಾವು ಸಾಂತೊ ಎಸ್ತೆವೊ ಮಠಕ್ಕೆ ಹೋದೆವು. ಸಿಲ್ ನದಿಯ ಕೊಳ್ಳದ ಮೇಲೆ, ದಟ್ಟ ಮರಗಳ ನಡುವೆ ಇರುವ ಈ ಮಹಾಮಠಕ್ಕೆ ಕೈಸಾಲೆಗಳು ಸುತ್ತುವರಿದ ಮೂರು ಅಂಗಳಗಳಿವೆ. ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಒಂಬತ್ತು ಮಂದಿ ಬಿಷಪ್ಪರು ಅಧಿಕಾರವನ್ನು ತೊರೆದು ಇಲ್ಲಿಗೆ ಬಂದು ನೆಲೆಸಿದರೆಂಬ ಪರಂಪರೆಯುಂಟು. ಮಠದ ಲಾಂಛನದಲ್ಲಿ ಒಂಬತ್ತು ಕಿರೀಟಗಳಿವೆ. ಇಲ್ಲಿ ವಾಸವಾಗಿದ್ದವರು ಸಂತ ಬೆನೆಡಿಕ್ಟನ ಕಟ್ಟಳೆಯನ್ನು ಅನುಸರಿಸಿದ ವಿರಕ್ತರು. ಪ್ರಾರ್ಥನೆಗೆ, ಓದಿಗೆ, ಮೈಮುರಿದು ದುಡಿಯುವುದಕ್ಕೆ ದಿನದ ಗಳಿಗೆಗಳನ್ನು ಹಂಚಿಕೊಟ್ಟ ಕಟ್ಟಳೆ ಅದು. ಅತಿಥಿಸತ್ಕಾರವೂ ಅದರಲ್ಲಿ ಕಡ್ಡಾಯ. ಕಾಯಕ ದಾಸೋಹಗಳ ಹೆಸರನ್ನು ಕೇಳದ ಜನ ತಮ್ಮದೇ ದಾರಿಯಲ್ಲಿ ಅವುಗಳ ನೆರೆಗೆ ಬಂದಿದ್ದರೆಂದು ನಮಗೆ ತೋರಿತು.

೧೮೩೫-೩೬ರಲ್ಲಿ ಮೆಂದಿಸಾಬಲ್ ಎಂಬ ಮಂತ್ರಿಯ ಆಜ್ಞೆಗಳಿಂದ ಸ್ಪೇನಿನ ಮಠಗಳು ಮುಚ್ಚಲ್ಪಟ್ಟು ಅವುಗಳ ಆಸ್ತಿ ಹರಾಜಾಯಿತು. ಸಾಂತೊ ಎಸ್ತೆವೊ ಕೂಡ ಬರಿದಾಯಿತು. ಬಹುಕಾಲ ಪಾಳುಬಿದ್ದಿದ್ದ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ, ೨೦೦೪ರಿಂದ ಸರ್ಕಾರಿ ಸ್ವಾಮ್ಯದ ‘ಪರಾದೊರ್’ ಎಂಬ ಪ್ರವಾಸಿ ವಸತಿಗೃಹವಾಗಿ ನಡೆಸುತ್ತಿದ್ದಾರೆ. ನಾವು ಉಳಿದುಕೊಂಡದ್ದೂ ಅಲ್ಲಿಯೇ. ನಿಜ ಹೇಳಬೇಕೆಂದರೆ ಮೊದಲ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಬಾಲ್ಯದಿಂದ ಮಠದ ಅನ್ನ ಉಂಡು, ಮಠದ ಜಗಲಿಯಲ್ಲಿ ಅಕ್ಷರ ಕಲಿತವರು ನಾವು. ವಿರಕ್ತರು ಬಾಳಿದ ಮನೆಯಲ್ಲಿ ಹಣ ತೆತ್ತು ಮೆತ್ತನೆಯ ಹಾಸಿಗೆಯ ಮೇಲೆ ಮಲಗಿದ್ದೇವಲ್ಲ ಎಂಬ ಅಳುಕು ಕಾಡುತ್ತಿತ್ತು. ಬೆಳಗಿನ ಜಾವ ಕಿಟಕಿಯ ಬಳಿ ಕುಳಿತು ಇಷ್ಟಲಿಂಗಪೂಜೆಯನ್ನು ಪೂರೈಸುವ ವೇಳೆಗೆ ಕೊಳ್ಳದಿಂದ ಮಂಜು ಮೇಲೇರಿ ಅಂಗಳವನ್ನು ತುಂಬಿತ್ತು. ಆ ಮೌನ ಮಾತ್ರ ಮಾರಾಟವಾಗಿರಲಿಲ್ಲ.

ನೀರಿನ ಮೇಲೆ, ಕಾಲುದಾರಿಯಲ್ಲಿ

ಮಠದ ಕೆಳಗಿನ ದೋಣಿಕಟ್ಟೆಯಿಂದ ಪ್ರವಾಸಿಗರ ಮೋಟಾರು ದೋಣಿಗಳು ಹೊರಡುತ್ತವೆ. ಸ್ಥಳವನ್ನು ಮುಂಚಿತವಾಗಿ ಕಾದಿರಿಸಬೇಕು. ಕೊಳ್ಳದ ಗೋಡೆಗಳು ಕೆಲವೆಡೆ ೫೦೦ ಮೀಟರಿನವರೆಗೆ ಎದ್ದು ನಿಂತಿವೆ. ನೀರು ಮಾತ್ರ ಕನ್ನಡಿಯಂತೆ ನಿಶ್ಚಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳು ನದಿಯ ಓಟವನ್ನು ತಡೆದಿವೆ. ತರುಣರು ಒಬ್ಬಿಬ್ಬರು ಕೂರುವ ‘ಕಯಾಕ್’ ಎಂಬ ಕಿರುದೋಣಿಯಲ್ಲಿ ಹುಟ್ಟುಹಾಕುತ್ತ ಸಾಗುತ್ತಿದ್ದರು. ಉತ್ತರಧ್ರುವದ ಕಡೆಯ ಇನುಯಿಟ್ ಜನರ ಶಬ್ದವದು. ಒಂದು ದೀರ್ಘವನ್ನು ಸ್ಥಳಾಂತರಿಸಿದರೆ ಕಾಯಕವಾಗುವುದಲ್ಲವೆ ಎಂದು ನಾವು ಹೇಳಿದಾಗ ಸೋದರಳಿಯ ಮನಸಾರೆ ನಕ್ಕ.

ನಡೆಯಬಲ್ಲವರಿಗೆ ಮಾವೊ ಎಂಬ ಉಪನದಿಯ ಕಮರಿ ಮೆಚ್ಚುಗೆಯಾದೀತು. ‘ಬೆಳಕಿನ ಕಾರ್ಖಾನೆ’ ಎಂಬ ಸೊಗಸಾದ ಹೆಸರಿನ ಹಳೆಯ ಜಲವಿದ್ಯುತ್ ಗೃಹವೊಂದು ಈಗ ಯಾತ್ರಿಕರ ತಂಗುದಾಣವಾಗಿದೆ. ಅದರ ಬಳಿಯಿಂದ ಕಮರಿಯ ಅಂಚಿಗೆ ಹೊಂದಿಸಿ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಮೇಲೆ ಹತ್ತಿದರೆ ಸಾನ್ ವೀತೊರ್ ಎಂಬಲ್ಲಿ ಬಂಡೆಯಲ್ಲಿ ತೋಡಿದ ಮಧ್ಯಯುಗದ ಸಮಾಧಿಗಳಿವೆ. ಆ ಏರಿನಲ್ಲಿ ನಮ್ಮ ಮೊಣಕಾಲುಗಳು ಅರ್ಧದಾರಿಗೇ ಮುಷ್ಕರ ಹೂಡಿದವು. “ಸಾಕು ಮಾವ, ಇಲ್ಲೇ ಕೂಡ್ರಿ” ಎಂದು ಸೋದರಳಿಯ ಒಂದು ಚೆಸ್ಟ್‌ನಟ್ ಮರದ ಬುಡದಲ್ಲಿ ಕೂರಿಸಿದ. ಮುಳ್ಳುಸಿಪ್ಪೆಯೊಡೆದು ಹೊಳೆಯುವ ಕಂದುಬೀಜಗಳು ನೆಲದ ತುಂಬ ಚೆಲ್ಲಿದ್ದವು. ಆಲೂಗಡ್ಡೆ ಈ ಸೀಮೆಗೆ ಬರುವ ಮುನ್ನ ಬಡವರ ಹಸಿವನ್ನು ನೀಗಿದ ಬೀಜವಿದು. ಕಲ್ಲಿನ ಕಿರುಮನೆಗಳಲ್ಲಿ ಹೊಗೆ ಹಾಕಿ ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ನವೆಂಬರ್ ೧೧ರ ಸಂತ ಮಾರ್ಟಿನನ ಹಬ್ಬದ ಸುಮಾರಿಗೆ ಊರೂರಿನಲ್ಲಿ ಬೆಂಕಿಯ ಸುತ್ತ ಸೇರಿ ಹುರಿದು ತಿನ್ನುವ ವಾಡಿಕೆ ಇಂದಿಗೂ ಇದೆ.

ಪರಾದಾ ದೆ ಸಿಲ್ ಗ್ರಾಮದ ಬಳಿ ‘ಮ್ಯಾಡ್ರಿಡ್ಡಿನ ಬಾಲ್ಕನಿ’ ಎಂಬ ನೋಟದ ತಾಣವುಂಟು. ಕೆಳಗೆ ಇಣುಕಿದರೆ ಎದೆ ಝಲ್ಲೆನ್ನುತ್ತದೆ. ಸುರುಳಿ ಬಿಸ್ಕತ್ತು ಮಾರಿ ಬದುಕಲು ರಾಜಧಾನಿಗೆ ಹೊರಟ ಗಂಡಂದಿರು ಕಣ್ಮರೆಯಾಗುವವರೆಗೆ ಹೆಂಡಂದಿರು ಇಲ್ಲಿ ನಿಂತು ನೋಡುತ್ತಿದ್ದರಂತೆ. ಹೆಸರು ಬಂದುದು ಅದರಿಂದ. ಪಕ್ಕದ ನೊಗೈರಾ ಸೀಮೆಯವರು ಸಾಣೆ ಹಿಡಿಯುವ ಕಾಯಕದವರು. ಸಾಣೆಯ ಚಕ್ರವನ್ನು ತಳ್ಳಿಕೊಂಡು, ಸೀಟಿ ಊದುತ್ತ ಸ್ಪೇನಿನ ಊರೂರು ತಿರುಗುತ್ತಿದ್ದ ಇವರು ತಮ್ಮೊಳಗೆ ‘ಬರಯೇತೆ’ ಎಂಬ ಗುಟ್ಟಿನ ನುಡಿಯೊಂದನ್ನು ಆಡುತ್ತಿದ್ದರು. ಸೊಬೆರ್ ಸೀಮೆಯ ಗುಂದಿವೋಸ್‌ನಲ್ಲಿ ಕಪ್ಪು ಮಡಕೆಗಳನ್ನು ಮಾಡುವ ಕುಂಬಾರಿಕೆ ಇನ್ನೂ ಉಳಿದಿದೆ.

ಗೋಡೆ ಕಟ್ಟಿದ ಕೈಗಳು

ಆದರೆ ಈ ಕಣಿವೆಯಲ್ಲಿ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಮಠವೂ ಅಲ್ಲ, ನದಿಯೂ ಅಲ್ಲ. ನೀರಿನಂಚಿನಿಂದ ಆಕಾಶದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲುಗೋಡೆಗಳು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿದ ಗೋಡೆ. ಅದರ ಹಿಂದೆ ಒಂದೆರಡು ಸಾಲು ಬಳ್ಳಿ ಹಿಡಿಸುವಷ್ಟೇ ಮಣ್ಣು. ಬೆಳೆಯುವುದು ದ್ರಾಕ್ಷಿ. ಅದರಿಂದ ತಯಾರಾಗುವುದು ಮದ್ಯ. ಅದು ನಮಗೆ ವರ್ಜ್ಯ, ಅದರ ರುಚಿಯ ಮಾತು ನಮಗೆ ಬೇಡ. ಆದರೆ ಆ ದುಡಿಮೆಯ ಮುಂದೆ ತಲೆಬಾಗದಿರಲು ಸಾಧ್ಯವಿಲ್ಲ. ಟ್ರ್ಯಾಕ್ಟರು ಹೋಗಲಾರದ ಇಳಿಜಾರು. ಕೊಯ್ದ ಗೊನೆಗಳನ್ನು ಬೆನ್ನಮೇಲೆ ಹೊರಬೇಕು, ಇಲ್ಲವೆ ಹಳಿಯ ಮೇಲೆ ತೆವಳುವ ಪುಟ್ಟ ಬಂಡಿಯಲ್ಲಿ ಸಾಗಿಸಬೇಕು. ರೋಮನ್ನರ ಕಾಲಕ್ಕೆ ಮೊದಲಾಯಿತೆನ್ನುವ ಈ ಕೃಷಿಯನ್ನು ಮಧ್ಯಯುಗದಲ್ಲಿ ಬೆಳೆಸಿದವರು ಮಠದ ವಿರಕ್ತರೂ ಅವರ ಒಕ್ಕಲುಗಳೂ. ವಿರಕ್ತರು ಹೋದ ಮೇಲೆ ಒಕ್ಕಲುಗಳು ಕೈಬಿಡಲಿಲ್ಲ.

ಮೂರನೆಯ ದಿನ ಇಂತಹ ಒಂದು ಗೋಡೆಯ ಬಳಿ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಬಿದ್ದ ಕಲ್ಲುಗಳನ್ನು ಮರಳಿ ಜೋಡಿಸುತ್ತಿದ್ದರು. ಅವರಾಡಿದ್ದು ಗಲೀಸಿಯಾದ ಸ್ವಂತ ನುಡಿ ಗಲೇಗೊ; ಸೋದರಳಿಯ ತಡವರಿಸುತ್ತ ಅರ್ಥ ಹೇಳಿದ. ಈ ವರ್ಷ ಬಿದ್ದ ಒಂದು ಕಲ್ಲನ್ನು ಎತ್ತಿಡದಿದ್ದರೆ ಬರುವ ವರ್ಷ ಹತ್ತು ಬೀಳುತ್ತವೆ ಎಂದರು. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ ಎಂದರು. ಮುಂದೆ ಯಾರು ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ. ಅವರೂ ಮಾತು ಬೆಳೆಸದೆ ಕೈಯಲ್ಲಿದ್ದ ಕಲ್ಲನ್ನು ಎರಡು ಬಾರಿ ತಿರುಗಿಸಿ ನೋಡಿ, ಕೂರುವ ಜಾಗದಲ್ಲಿ ಕೂರಿಸಿದರು.

ಆ ಪ್ರಶ್ನೆ ಅವರೊಬ್ಬರದಲ್ಲ. ಔರೆನ್ಸೆ ಸ್ಪೇನಿನಲ್ಲಿಯೇ ವೃದ್ಧರ ಪ್ರಮಾಣ ಅತಿ ಹೆಚ್ಚಾಗಿರುವ ಪ್ರಾಂತಗಳಲ್ಲೊಂದು. ಗಲೀಸಿಯಾದ ಜನ ಅರ್ಜೆಂಟೀನಾ, ಕ್ಯೂಬಾಗಳಿಗೆ ಅದೆಷ್ಟು ವಲಸೆ ಹೋದರೆಂದರೆ, ಅರ್ಜೆಂಟೀನಾದಲ್ಲಿ ಸ್ಪೇನಿನ ಯಾರನ್ನೇ ಆಗಲಿ ‘ಗಯೇಗೊ’ ಎಂದೇ ಕರೆಯುವ ರೂಢಿ ಬಿದ್ದಿದೆ. ಬಿಟ್ಟುಹೋದ ಹೊಲಗಳಲ್ಲಿ ಕುರುಚಲು ಬೆಳೆಯುತ್ತದೆ. ಕುರುಚಲು ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಆಹಾರವಾಗುತ್ತದೆ. ೨೦೨೫ರ ಆಗಸ್ಟ್‌ನಲ್ಲಿ ಈ ಪ್ರಾಂತದಲ್ಲಿ ಎದ್ದ ಕಾಡ್ಗಿಚ್ಚುಗಳು ಹತ್ತಾರು ಸಾವಿರ ಹೆಕ್ಟೇರ್ ಭೂಮಿಯನ್ನು ಸುಟ್ಟವು. ದುಡಿವ ಕೈ ಇದ್ದಲ್ಲಿ ಹೊಲವೇ ಬೆಂಕಿಗೆ ತಡೆ. ೨೦೨೧ರಲ್ಲಿ ಯುನೆಸ್ಕೊ ಸಂಸ್ಥೆ ಈ ಸೀಮೆಯನ್ನು ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದೆ. ಗೌರವ ದೊಡ್ಡದೇ; ಆದರೆ ಬಿದ್ದ ಕಲ್ಲನ್ನು ಘೋಷಣೆ ಎತ್ತಿಡಲಾರದು.

ಅಂದು ರಾತ್ರಿ ವಸತಿಗೃಹಕ್ಕೆ ಮರಳಿದಾಗ ನಮ್ಮ ಅಳುಕು ಸ್ವಲ್ಪ ಇಳಿದಿತ್ತು. ಬಡಿಸಿದವಳೂ ಕೋಣೆ ಗುಡಿಸಿದವಳೂ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು. ಆ ಮಠ ಈಗ ಪಾಠ ಹೇಳುವುದಿಲ್ಲ, ನಿಜ. ಆದರೆ ಕೆಲವು ಮನೆಗಳ ಒಲೆ ಊರಿನಲ್ಲಿಯೇ ಉರಿಯುವಂತೆ ಮಾಡಿದೆ. ಪಾಳುಗೋಡೆಗಿಂತ ಅದು ಮೇಲಲ್ಲವೆ? ಪೂರ್ಣ ಸಮಾಧಾನ ನಮಗಿನ್ನೂ ಆಗಿಲ್ಲ. ಕಟ್ಟಡ ಉಳಿದರೆ ಮಠ ಉಳಿದಂತಲ್ಲ ಎಂಬುದನ್ನು ಮರೆಯಲಾರೆವು.

ಹೋಗುವವರಿಗೆ ಕೆಲವು ಮಾತು

ಮಕ್ಕಳು ಯೂರೋಪಿನಲ್ಲಿರುವ ಕುಟುಂಬಗಳು ನಮ್ಮ ಸಮಾಜದಲ್ಲಿ ಈಗ ಅನೇಕ. ಹೋಗುವುದಾದರೆ ಮೇ, ಜೂನ್ ಇಲ್ಲವೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ರಸ್ತೆಗಳು ಕಿರಿದು, ತಿರುವು ಬಹಳ. ಆಹಾರದ ವಿಷಯದಲ್ಲಿ ಎಚ್ಚರ ಅಗತ್ಯ. ಸೊಪ್ಪಿನ ಸಾರೆಂದು ತಂದಿಡುವ ‘ಕಾಲ್ದೊ’ದಲ್ಲಿ ಹಂದಿಯ ಎಲುಬು ಬೆಂದಿರುತ್ತದೆ, ಆಲೂಗಡ್ಡೆಯ ‘ತೊರ್ತಿಯಾ’ದಲ್ಲಿ ಮೊಟ್ಟೆಯಿರುತ್ತದೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು; ಹಂದಿ, ಮೀನು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಪದ್ರೊನ್ ಮೆಣಸಿನಕಾಯಿ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಹಣ್ಣು, ಸುಟ್ಟ ಚೆಸ್ಟ್‌ನಟ್ ನಿಶ್ಚಿಂತೆಯಿಂದ ತಿನ್ನಬಹುದು. ಸೋದರಳಿಯನ ಹೆಂಡತಿ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಮ್ಮನ್ನು ಐದೂ ದಿನ ಕಾಪಾಡಿದವು.

ಹೊರಡುವ ದಿನ ಅದೇ ದಾರಿಯಲ್ಲಿ ಬಂದೆವು. ಹಿರಿಯರು ಕಾಣಲಿಲ್ಲ. ಗೋಡೆ ಮಾತ್ರ ಎರಡು ಮೊಳ ಮುಂದುವರಿದಿತ್ತು. ಆ ಕಣಿವೆಗೆ ಹೋಗುವ ಬಂಧುಗಳು ಮಠಗಳನ್ನು ನೋಡಲಿ, ನದಿಯನ್ನು ನೋಡಲಿ. ಆದರೆ ಒಂದು ಗಳಿಗೆ ಕಾರು ನಿಲ್ಲಿಸಿ ಆ ಗೋಡೆಗಳನ್ನೂ ನೋಡಿ ಬರಲಿ. ತೀರವನ್ನು ಪವಿತ್ರವಾಗಿ ಉಳಿಸಿದವರು ಅವುಗಳನ್ನು ಕಟ್ಟಿದವರು.