ಬೆಳಗಿನ ಜಾವದ ಕನಸು ನಿಜವಾಗುವುದೇ?

ಹಿರಿಯೂರು: ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂಬ ಮಾತು ವೇದಾವತಿ ದಂಡೆಯ ಈ ಊರಿನಲ್ಲಷ್ಟೇ ಅಲ್ಲ, ನಾಡಿನ ಎಲ್ಲೆಡೆ ಕೇಳಿಬರುತ್ತದೆ. ಹಾವು ಕಂಡರೆ ಹರಕೆ ಬಾಕಿ, ಹಲ್ಲು ಉದುರಿದರೆ ಮನೆಯಲ್ಲಿ ಕೇಡು, ತುಂಬಿದ ಕೆರೆ ಕಂಡರೆ ಶುಭ ಎಂಬಂಥ ಲೆಕ್ಕಾಚಾರಗಳಿಗೂ ಕೊರತೆಯಿಲ್ಲ. ಶುಭ ಸ್ವಪ್ನ ಕಂಡವರು ನಸುನಕ್ಕು ಸುಮ್ಮನಾಗುತ್ತಾರೆ. ಅಶುಭ ಸ್ವಪ್ನ ಕಂಡವರು ಮಾತ್ರ ದಿನವಿಡೀ ಕಳವಳಪಡುತ್ತಾರೆ. ಕೆಲವರು ಪ್ರಯಾಣವನ್ನು ಮುಂದೂಡಿದರೆ, ಮತ್ತೆ ಕೆಲವರು ಸಾಲ ಮಾಡಿಯಾದರೂ ಶಾಂತಿ, ತಾಯಿತಗಳಿಗೆ ಹಣ ತೆರುತ್ತಾರೆ.

ಹಾಗಾದರೆ ಕನಸು ಎಂದರೇನು? ಅದು ಏಕೆ ಬೀಳುತ್ತದೆ? ಬೆಳಗಿನ ಜಾವಕ್ಕೂ ಅದಕ್ಕೂ ನಿಜವಾಗಿಯೂ ನಂಟಿದೆಯೇ? ಕಳೆದ ಏಳು ದಶಕಗಳ ನಿದ್ರಾ ವಿಜ್ಞಾನ ಇದಕ್ಕೆ ಸ್ಪಷ್ಟ ಉತ್ತರವನ್ನೇ ನೀಡುತ್ತದೆ. ನಂಟು ಇದೆ, ಆದರೆ ಅದು ಭವಿಷ್ಯಕ್ಕೆ ಸಂಬಂಧಿಸಿದ್ದಲ್ಲ, ಮಿದುಳಿನ ದಿನಚರಿಗೆ ಸಂಬಂಧಿಸಿದ್ದು.

ನಿದ್ರೆಯ ಸುತ್ತುಗಳು

ನಿದ್ರೆ ಎಂದರೆ ಮಿದುಳು ಸ್ತಬ್ಧವಾಗುವ ಸ್ಥಿತಿ ಎಂದೇ ಬಹುಕಾಲ ತಿಳಿಯಲಾಗಿತ್ತು. 1953ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಈ ತಿಳಿವಳಿಕೆಯನ್ನು ಬದಲಿಸಿದರು. ಮಲಗಿದವರ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಚಲಿಸುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹುತೇಕರು ಕನಸನ್ನು ವಿವರಿಸುವುದನ್ನೂ ಅವರು ದಾಖಲಿಸಿದರು. ಈ ಹಂತಕ್ಕೆ ಮುಂದೆ ‘ರೆಮ್ ನಿದ್ರೆ’ ಎಂಬ ಹೆಸರು ಬಂದಿತು.

ಒಂದು ರಾತ್ರಿಯ ನಿದ್ರೆ ಏಕಪ್ರಕಾರವಾಗಿರುವುದಿಲ್ಲ. ಹಗುರ ನಿದ್ರೆ, ಗಾಢ ನಿದ್ರೆ, ರೆಮ್ ನಿದ್ರೆ ಹೀಗೆ ಸುಮಾರು 90 ನಿಮಿಷಗಳ ಸುತ್ತುಗಳು ರಾತ್ರಿಯಲ್ಲಿ ನಾಲ್ಕೈದು ಬಾರಿ ಮರುಕಳಿಸುತ್ತವೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆಯದೇ ಸಿಂಹಪಾಲು. ರೆಮ್ ಕೆಲವೇ ನಿಮಿಷಗಳದು. ರಾತ್ರಿ ಕಳೆದಂತೆ ಗಾಢ ನಿದ್ರೆ ಕುಗ್ಗಿ ರೆಮ್ ಹಿಗ್ಗುತ್ತದೆ. ಕೊನೆಯ ಸುತ್ತಿನಲ್ಲಿ ಅದು ಅರ್ಧ ಗಂಟೆಗೂ ಮೀರಬಹುದು. ವಯಸ್ಕರ ಒಟ್ಟು ನಿದ್ರೆಯಲ್ಲಿ ರೆಮ್ ಪಾಲು ಶೇ 20ರಿಂದ 25. ನವಜಾತ ಶಿಶುಗಳಲ್ಲಿ ಅದು ಸುಮಾರು ಅರ್ಧದಷ್ಟು.

ಬೆಳಗಿನ ಜಾವದ ಗುಟ್ಟು ಇಲ್ಲಿಯೇ ಇದೆ. ದೀರ್ಘವಾದ, ಕಥೆಯಂತೆ ಸಾಗುವ ಕನಸುಗಳು ಹೆಚ್ಚಾಗಿ ಬೀಳುವುದು ಆ ವೇಳೆಯಲ್ಲಿ. ಎಚ್ಚರವಾಗುವುದೂ ಅದೇ ವೇಳೆಯಲ್ಲಿ. ರೆಮ್ ಹಂತದಲ್ಲಿ ನೆನಪನ್ನು ಗಟ್ಟಿಗೊಳಿಸಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮಟ್ಟ ಮಿದುಳಿನಲ್ಲಿ ಬಹಳ ಇಳಿದಿರುತ್ತದೆ. ಹೀಗಾಗಿ ನಡುರಾತ್ರಿಯ ಕನಸುಗಳು ಅಳಿಸಿಹೋಗುತ್ತವೆ. ಕನಸಿನ ನಡುವೆಯೇ ಎಚ್ಚರಗೊಂಡವರಿಗೆ ಮಾತ್ರ ಅದು ಕಣ್ಣಿಗೆ ಕಟ್ಟಿದಂತೆ ಉಳಿಯುತ್ತದೆ. ‘ನನಗೆ ಕನಸೇ ಬೀಳುವುದಿಲ್ಲ’ ಎನ್ನುವವರಿಗೂ ಸಾಮಾನ್ಯವಾಗಿ ಕನಸು ಬೀಳುತ್ತದೆ, ನೆನಪಿರುವುದಿಲ್ಲ ಅಷ್ಟೆ.

ಮೊದಲ ಜಾವದ ಕನಸು ವರ್ಷದೊಳಗೆ, ಎರಡನೆಯ ಜಾವದ್ದು ಆರು ತಿಂಗಳಲ್ಲಿ, ಮೂರನೆಯದು ಮೂರು ತಿಂಗಳಲ್ಲಿ ಫಲಿಸುತ್ತದೆ, ಕೊನೆಯ ಜಾವದ್ದು ಶೀಘ್ರವಾಗಿ ಫಲಿಸುತ್ತದೆ ಎಂಬುದು ಸ್ವಪ್ನಶಾಸ್ತ್ರದ ಎಣಿಕೆ. ಕೊನೆಯ ಜಾವದ ಕನಸು ವಿಶೇಷವಾದುದು ಎಂಬ ಹಿರಿಯರ ಗಮನಿಕೆ ಸರಿಯಾಗಿಯೇ ಇತ್ತು. ಅದರಿಂದ ತೆಗೆದ ತೀರ್ಮಾನ ಮಾತ್ರ ಬೇರೆಯಾಯಿತು.

ತುಂಬಿದ ಜಲಾಶಯದ ಕನಸು

ಆದರೂ ಕೆಲವು ಕನಸುಗಳು ಫಲಿಸುತ್ತವಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ತಾಲ್ಲೂಕಿನ ಜೀವನಾಡಿಯಾದ ವಾಣಿವಿಲಾಸ ಸಾಗರವನ್ನೇ ಉದಾಹರಣೆಯಾಗಿ ನೋಡಬಹುದು. ಮಾರಿಕಣಿವೆಯ ಈ ಜಲಾಶಯ 1933ರಲ್ಲಿ ಭರ್ತಿಯಾದ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, ಸುಮಾರು 89 ವರ್ಷಗಳ ಬಳಿಕ. ಈ ನಡುವಿನ ಬರಗಾಲಗಳಲ್ಲಿ ಮಳೆಗಾಗಿ ಬಾನು ನೋಡುತ್ತ ಮಲಗಿದ ಅದೆಷ್ಟು ರೈತರ ಕನಸಿನಲ್ಲಿ ಈ ಕಣಿವೆ ತುಂಬಿ ಹರಿದಿರಬಹುದು! 2022ರ ಆಗಸ್ಟ್‌ನಲ್ಲಿ ಅಂಥ ಕನಸು ಕಂಡವರಿದ್ದರೆ ಅದನ್ನು ‘ನಿಜವಾದ ಕನಸು’ ಎಂದು ಮೊಮ್ಮಕ್ಕಳಿಗೂ ಹೇಳಿಯಾರು. ಅದಕ್ಕೆ ಹಿಂದಿನ ಸಾವಿರಾರು ರಾತ್ರಿಗಳ ಹುಸಿಯಾದ ಕನಸುಗಳ ಲೆಕ್ಕವನ್ನು ಇಟ್ಟವರಾರು? ಫಲಿಸಿದ್ದು ನೆನಪಿರುತ್ತದೆ, ಫಲಿಸದಿದ್ದುದು ಮರೆತುಹೋಗುತ್ತದೆ. ಹಗಲಿನಲ್ಲಿ ಕಾಡಿದ ಆಸೆ, ಆತಂಕಗಳೇ ಇರುಳಿನಲ್ಲಿ ರೂಪ ತಾಳುವುದರಿಂದ ಆಗೊಮ್ಮೆ ಈಗೊಮ್ಮೆ ಹೊಂದಾಣಿಕೆಯಾಗುವುದು ಅನಿವಾರ್ಯ.

ಕನಸು ಏಕೆ?

1899ರ ಕೊನೆಯಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರು ಕನಸುಗಳು ಅದುಮಿಟ್ಟ ಬಯಕೆಗಳ ವೇಷಾಂತರ ಎಂದು ವಾದಿಸಿದರು. 1977ರಲ್ಲಿ ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ ಬೇರೆಯೇ ವಿವರಣೆ ನೀಡಿದರು. ಮಿದುಳಿನ ಕಾಂಡದಿಂದ ಏಳುವ ಸಂಕೇತಗಳನ್ನು ಮಿದುಳಿನ ಮೇಲ್ಭಾಗ ಹೇಗೋ ಜೋಡಿಸಿ ಕಥೆ ಕಟ್ಟುತ್ತದೆ ಎಂಬುದು ಅವರ ಅಭಿಪ್ರಾಯ. ಅಪಾಯಗಳನ್ನು ಎದುರಿಸುವ ತಾಲೀಮನ್ನು ಮಿದುಳು ಕನಸಿನಲ್ಲಿ ನಡೆಸುತ್ತದೆ ಎಂಬ ಸಿದ್ಧಾಂತವನ್ನು 2000ದಲ್ಲಿ ಫಿನ್ಲೆಂಡಿನ ಆಂಟಿ ರೆವೊನ್ಸುವೊ ಮುಂದಿಟ್ಟರು. ದಿನದ ಅನುಭವಗಳನ್ನು ಹಳೆಯ ನೆನಪುಗಳೊಂದಿಗೆ ಬೆಸೆಯುವ, ಭಾವನೆಗಳ ತೀವ್ರತೆಯನ್ನು ತಗ್ಗಿಸುವ ಕೆಲಸ ನಿದ್ರೆಯಲ್ಲಿ ನಡೆಯುತ್ತದೆ, ಕನಸು ಅದರ ಒಂದು ಮುಖ ಎಂಬ ವಾದಕ್ಕೂ ಇಂದು ಬೆಂಬಲವಿದೆ. ಅಂತಿಮ ಉತ್ತರ ಇನ್ನೂ ಸಿಕ್ಕಿಲ್ಲ.

ಕನಸುಗಳು ವಿಚಿತ್ರವಾಗಿರುವುದೇಕೆ ಎಂಬುದು ಮಾತ್ರ ತಕ್ಕಮಟ್ಟಿಗೆ ತಿಳಿದಿದೆ. ರೆಮ್ ಹಂತದಲ್ಲಿ ಭಾವನೆಗಳ ಕೇಂದ್ರಗಳು ಚುರುಕಾಗಿರುತ್ತವೆ. ತರ್ಕ, ವಿವೇಚನೆಗೆ ಸಂಬಂಧಿಸಿದ ಮುಂಭಾಗ ಮಂದವಾಗಿರುತ್ತದೆ. ಆದ್ದರಿಂದಲೇ ತೀರಿಹೋದ ಅಜ್ಜ ಎದುರು ಬಂದು ಕುಳಿತರೂ ಕನಸು ಕಾಣುವವನಿಗೆ ಅಚ್ಚರಿಯಾಗುವುದಿಲ್ಲ. ಹುಟ್ಟಿನಿಂದ ದೃಷ್ಟಿಯಿಲ್ಲದವರ ಕನಸುಗಳಲ್ಲಿ ಧ್ವನಿ, ಸ್ಪರ್ಶ, ವಾಸನೆಗಳೇ ಪ್ರಧಾನ.

ಎದೆಯ ಮೇಲೆ ಕುಳಿತ ‘ದೆವ್ವ’

ರೆಮ್ ನಿದ್ರೆಯಲ್ಲಿ ಮಿದುಳು ಕೈಕಾಲುಗಳ ಸ್ನಾಯುಗಳನ್ನು ತಾತ್ಕಾಲಿಕವಾಗಿ ಸಡಿಲಗೊಳಿಸಿಬಿಡುತ್ತದೆ. ಕನಸಿನಲ್ಲಿ ಓಡಿದವನು ಹಾಸಿಗೆಯಿಂದ ಎದ್ದು ಓಡದಿರಲು ಇದೇ ಕಾರಣ. ಕೆಲವೊಮ್ಮೆ ಎಚ್ಚರವಾದರೂ ಈ ಬಿಗಿ ಬಿಡುವುದಿಲ್ಲ. ಕಣ್ಣು ತೆರೆದಿರುತ್ತದೆ, ಕೂಗಲು ಧ್ವನಿ ಬಾರದು, ಯಾರೋ ಎದೆಯ ಮೇಲೆ ಕುಳಿತಂತಾಗುತ್ತದೆ. ಇದನ್ನು ದೆವ್ವದ ಕಾಟವೆಂದು ಭಾವಿಸುವವರು ಹಲವರು. ಇದು ನಿದ್ರಾ ಪಾರ್ಶ್ವವಾಯು. ಕೆಲವು ಸೆಕೆಂಡು ಅಥವಾ ನಿಮಿಷಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಿದ್ದೆಗೆಟ್ಟವರಲ್ಲಿ, ಪಾಳಿ ಕೆಲಸದವರಲ್ಲಿ ಹೆಚ್ಚು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ಸ್ನಾಯುಗಳು ಸಡಿಲಗೊಳ್ಳದೆ, ಕನಸಿನಲ್ಲಿ ಕಂಡಂತೆಯೇ ಹೊಡೆಯುವುದು, ಒದೆಯುವುದು, ಕೂಗಾಡುವುದು ನಡೆಯುತ್ತದೆ. 1986ರಲ್ಲಿ ಅಮೆರಿಕದ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. 50 ದಾಟಿದವರಲ್ಲಿ ಬೇರೆ ಕಾರಣವಿಲ್ಲದೆ ಇದು ಕಾಣಿಸಿಕೊಂಡರೆ, ಬಹುಪಾಲು ಮಂದಿಗೆ ವರ್ಷಗಳ ನಂತರ ಪಾರ್ಕಿನ್‌ಸನ್ ಅಥವಾ ಅದೇ ಬಗೆಯ ನರರೋಗ ಬರುತ್ತದೆ ಎಂಬುದನ್ನು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಮನೆಯ ಹಿರಿಯರೊಬ್ಬರು ನಿದ್ದೆಯಲ್ಲಿ ಪದೇ ಪದೇ ಹೊಡೆದಾಡುತ್ತಿದ್ದರೆ ಅವರನ್ನು ಮೊದಲು ಕರೆದೊಯ್ಯಬೇಕಾದುದು ನರರೋಗ ತಜ್ಞರ ಬಳಿಗೆ.

ಜನ್ನ ಹೇಳಿದ ಎಚ್ಚರಿಕೆ

ಕನ್ನಡ ಸಾಹಿತ್ಯಕ್ಕೆ ಕನಸು ಹೊಸದಲ್ಲ. ಪಂಪನ ‘ಆದಿಪುರಾಣ’ದಲ್ಲಿ ಮರುದೇವಿ ಕಾಣುವ ಹದಿನಾರು ಸ್ವಪ್ನಗಳು ತೀರ್ಥಂಕರನ ಜನನವನ್ನು ಸೂಚಿಸುತ್ತವೆ. ಆದರೆ 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಕನಸಿನ ಪಾತ್ರವೇ ಬೇರೆ. ಪತ್ನಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರ ಅದನ್ನು ಬಚ್ಚಿಟ್ಟು, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ಬೆದರಿದ ತಾಯಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯ ಬಲಿ ನಡೆಯುತ್ತದೆ. ಆ ಸಂಕಲ್ಪ ಹಿಂಸೆಯ ಫಲವಾಗಿ ತಾಯಿ, ಮಗ ಇಬ್ಬರೂ ಜನ್ಮಜನ್ಮಾಂತರ ಬಳಲುತ್ತಾರೆ. ಕೇಡು ಬಂದದ್ದು ಕನಸಿನಿಂದಲ್ಲ, ಅದರ ಭಯಕ್ಕೆ ಮಾಡಿದ ಪರಿಹಾರದಿಂದ. ಎಂಟು ಶತಮಾನಗಳ ನಂತರವೂ ಈ ಮಾತು ಹಳತಾಗಿಲ್ಲ.

ಏನು ಮಾಡಬೇಕು?

ಆಗೊಮ್ಮೆ ಈಗೊಮ್ಮೆ ಬೀಳುವ ಕೆಟ್ಟ ಕನಸಿಗೆ ಯಾವ ಪರಿಹಾರವೂ ಬೇಕಿಲ್ಲ. ಜ್ವರ, ಪರೀಕ್ಷೆಯ ಒತ್ತಡ, ಸಾಲದ ಚಿಂತೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಕೂಡ ಇದಕ್ಕೆ ಕಾರಣವಾಗಬಹುದು. ಮದ್ಯ ರೆಮ್ ನಿದ್ರೆಯನ್ನು ಹತ್ತಿಕ್ಕುತ್ತದೆ. ಕುಡಿತವನ್ನು ಹಠಾತ್ತನೆ ಬಿಟ್ಟಾಗ ಭೀಕರ ಕನಸುಗಳು ಮುತ್ತುವುದುಂಟು. ಇಂಥವರು ವೈದ್ಯರ ನೆರವಿನಿಂದಲೇ ಕುಡಿತ ಬಿಡುವುದು ಸುರಕ್ಷಿತ.

ಅಪಘಾತ, ಹಲ್ಲೆ, ಆಪ್ತರ ಸಾವಿನ ನಂತರ ಒಂದೇ ದುಃಸ್ವಪ್ನ ವಾರಗಟ್ಟಲೆ ಮರುಕಳಿಸಿದರೆ ಮಾತ್ರ ಅಲಕ್ಷಿಸಬಾರದು. ಆ ಕನಸಿನ ಅಂತ್ಯವನ್ನು ಹಗಲಿನಲ್ಲಿ ಬದಲಿಸಿ ಬರೆದು, ಹೊಸ ಕಥೆಯನ್ನು ದಿನವೂ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಸರಳ ಚಿಕಿತ್ಸಾ ವಿಧಾನವೊಂದು ಹಲವರಿಗೆ ಫಲ ನೀಡಿದೆ. ಸಲಹೆ ಬೇಕಾದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಆಪ್ತ ಸಮಾಲೋಚನೆ ಲಭ್ಯ.

ಬೆಳಗಿನ ಜಾವದ ಕನಸು ನಾಳೆ ಏನಾಗುವುದೆಂದು ಹೇಳದು. ನಿನ್ನೆಯ ಯಾವ ಚಿಂತೆ ಇನ್ನೂ ಆರಿಲ್ಲ ಎಂಬುದನ್ನು ಮಾತ್ರ ಹೇಳೀತು. ಅಷ್ಟನ್ನು ಅರಿತರೆ ತಾಯಿತದ ಖರ್ಚು ಉಳಿಯುತ್ತದೆ, ಅಗತ್ಯವಿದ್ದವರಿಗೆ ಚಿಕಿತ್ಸೆಯೂ ಸಕಾಲದಲ್ಲಿ ದೊರೆಯುತ್ತದೆ.