ಕಾರ್ಖಾನೆಯ ಗೇಟಿನಲ್ಲಿ ಬರೆದಿಟ್ಟ ನಡತೆ

ಪೀಣ್ಯದ ಹಳೆಯ ಕಾರ್ಮಿಕರಿಗೆ ‘ಸ್ಟ್ಯಾಂಡಿಂಗ್ ಆರ್ಡರ್ಸ್’ (ಕೆಲಸದ ಜಾಗದ ಲಿಖಿತ ನಿಯಮಗಳಾದ ಸ್ಥಾಯಿ ಆದೇಶಗಳು) ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಎಷ್ಟೋ ಮಂದಿ ಆ ಮಾತನ್ನೇ ಕೇಳಿರಲಾರರು. ಕೆಲಸದ ಜಾಗದ ನಡತೆಯನ್ನು ಯಾರು ನಿರ್ಧರಿಸಬೇಕು ಎಂಬ ವಿಷಯದಲ್ಲಿ ಒಂದೇ ಊರಿನೊಳಗೆ ಎರಡು ದಾರಿಗಳು ಕವಲೊಡೆದ ಕತೆ ಇದು.

ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ ಬಂದದ್ದು 1946ರಲ್ಲಿ. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಆಗ ಡಾ. ಬಿ.ಆರ್. ಅಂಬೇಡ್ಕರ್ ಅವರ ಕೈಯಲ್ಲಿತ್ತು. ಅಲ್ಲಿಯವರೆಗೆ ‘ದುರ್ನಡತೆ’ ಯಾವುದು ಎಂಬುದು ಬಹುಪಾಲು ಕಡೆ ಮಾಲೀಕರ ಮರ್ಜಿ. ಎದುರು ಮಾತಾಡಿದವನನ್ನು, ಸಂಘ ಕಟ್ಟಿದವನನ್ನು ಅದೇ ಹೆಸರಿನಲ್ಲಿ ಮನೆಗೆ ಕಳಿಸಬಹುದಿತ್ತು. ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಆಡಳಿತವರ್ಗ ಮೊದಲು ನಿಯಮಗಳ ಕರಡು ಬರೆಯಬೇಕಿತ್ತು. ಕಾರ್ಮಿಕರ ಆಕ್ಷೇಪ ಕೇಳಿದ ಮೇಲೆ ಸರ್ಕಾರದ ಅಧಿಕಾರಿ ಅದನ್ನು ದೃಢೀಕರಿಸಬೇಕಿತ್ತು. ಕಳ್ಳತನ, ಲಂಚ, ಬೇಕೆಂದೇ ಆಜ್ಞೆ ಮೀರುವುದು, ರಜೆ ಹಾಕದೆ 10 ದಿನಕ್ಕಿಂತ ಹೆಚ್ಚು ಗೈರಾಗುವುದು ಎಂದು ಮಾದರಿ ಆದೇಶದಲ್ಲಿ ತಪ್ಪುಗಳ ಪಟ್ಟಿಯೇ ಇತ್ತು. ಶಿಕ್ಷೆ ಕೊಡುವಾಗ ತಪ್ಪಿನ ತೀವ್ರತೆಯನ್ನೂ ಕೆಲಸಗಾರನ ಹಿಂದಿನ ದಾಖಲೆಯನ್ನೂ ನೋಡಬೇಕೆಂದೂ ಅದು ಹೇಳಿತ್ತು.

ಆ ಕಾಯ್ದೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು 9ನೇ ಕಲಂ. ದೃಢೀಕೃತ ನಿಯಮಗಳನ್ನು ಇಂಗ್ಲಿಷಿನ ಜತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬರೆದು, ಹೆಚ್ಚಿನವರು ಒಳಗೆ ಬರುವ ಬಾಗಿಲ ಬಳಿಯೇ ಫಲಕದಲ್ಲಿ ಹಾಕಬೇಕಿತ್ತು. ಯಾವ ತಪ್ಪಿಗೆ ಕೆಲಸ ಹೋಗಬಹುದು ಎಂಬುದನ್ನು ಯಾರ ನೆರವೂ ಇಲ್ಲದೆ ಕನ್ನಡದಲ್ಲಿ ಓದಿಕೊಳ್ಳುವ ಹಕ್ಕು ಕಾರ್ಮಿಕನಿಗೆ ಸಿಕ್ಕಿದ್ದು ಹೀಗೆ.

1982ರ ತಿದ್ದುಪಡಿಯಿಂದ ಇನ್ನೊಂದು ಆಸರೆ ಸೇರಿತು. ವಿಚಾರಣೆ ಬಾಕಿಯಿದ್ದು ಸಸ್ಪೆಂಡ್ ಆದವರಿಗೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೂ ವಿಳಂಬವಾದರೆ, ಅದಕ್ಕೆ ಕಾರ್ಮಿಕನೇ ಕಾರಣನಲ್ಲದಿದ್ದಲ್ಲಿ, ಶೇ 75. ಇನ್ನು ಪಟ್ಟಿಯಲ್ಲಿ ಇಲ್ಲದ ನಡತೆಯನ್ನು ಆಮೇಲೆ ‘ದುರ್ನಡತೆ’ ಎಂದು ಕರೆದು ದಂಡಿಸುವಂತಿಲ್ಲ ಎಂದು ಗ್ಲಾಕ್ಸೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರಿತು. ಲೈಂಗಿಕ ಕಿರುಕುಳದ ನಿಷೇಧವನ್ನೂ ಸ್ಥಾಯಿ ಆದೇಶಗಳಲ್ಲಿ ಸೇರಿಸಬೇಕೆಂದು 1997ರ ವಿಶಾಖಾ ತೀರ್ಪು ಹೇಳಿತು.

ಐಟಿ ವಲಯದ ದಾರಿ ಬೇರೆಯಾಯಿತು. 2014ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಐಟಿ, ಐಟಿಇಎಸ್ ಕಂಪನಿಗಳಿಗೆ ಈ ಕಾಯ್ದೆಯಿಂದ ಐದು ವರ್ಷ ವಿನಾಯಿತಿ ಕೊಟ್ಟಿತು. ಷರತ್ತುಗಳಿದ್ದವು: ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ, ಉದ್ಯೋಗಿಗಳ ಪ್ರತಿನಿಧಿಗಳೂ ಇರುವ ಕುಂದುಕೊರತೆ ಸಮಿತಿ, ವಜಾ ಅಥವಾ ಸಸ್ಪೆಂಡ್ ಮಾಡಿದರೆ ಕಾರ್ಮಿಕ ಇಲಾಖೆಗೆ ಮಾಹಿತಿ. ವಿನಾಯಿತಿ 2019ರಲ್ಲಿ, ಮತ್ತೆ 2024ರಲ್ಲಿ ಮುಂದುವರಿಯಿತು. ಐಟಿ ನೌಕರರ ಸಂಘ ಕೆಐಟಿಯು ಇದನ್ನು ವಿರೋಧಿಸುತ್ತಲೇ ಬಂದಿದೆ. ಅದರ ವಿರೋಧ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಕೆಲಸಕ್ಕೆ ಸೇರುವಾಗ ಪರದೆಯ ಮೇಲೆ ಒಮ್ಮೆ ಒತ್ತಿ ಒಪ್ಪಿಕೊಳ್ಳುವ ಇಂಗ್ಲಿಷ್ ನೀತಿಸಂಹಿತೆಯನ್ನು ಕಂಪನಿಯೇ ಬರೆದಿರುತ್ತದೆ. ಆಕ್ಷೇಪ ಎತ್ತುವ ಅವಕಾಶವಾಗಲಿ, ಹೊರಗಿನವರ ದೃಢೀಕರಣವಾಗಲಿ ಅದಕ್ಕೆ ಬೇಕಿಲ್ಲ. ರಾಜೀನಾಮೆ ಕೊಡು ಎಂದು ಎಚ್‌ಆರ್ ಒತ್ತಾಯಿಸಿದ ದಿನ ಉದ್ಯೋಗಿ ಯಾವ ಬರಹವನ್ನು ತೋರಿಸಿ ವಾದಿಸಬೇಕು?

ಈಗ ಪೀಣ್ಯದ ನೆಲವೂ ಸಡಿಲವಾಗಿದೆ. ಮೂಲ ಕಾಯ್ದೆ ಅನ್ವಯವಾಗಲು ಕನಿಷ್ಠ 100 ಕಾರ್ಮಿಕರಿರಬೇಕೆಂಬ ಮಿತಿಯಿತ್ತು. ಕರ್ನಾಟಕ ಅದನ್ನು 50ಕ್ಕೆ ಇಳಿಸಿಕೊಂಡಿತ್ತು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 300. ಪೀಣ್ಯದಲ್ಲಿ ಹೆಚ್ಚಿನವು ಸಣ್ಣ ಘಟಕಗಳು; ಈ ಮಿತಿಯಿಂದ ಅವು ಹೊರಗೇ ಉಳಿಯುತ್ತವೆ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಹಿಂದೊಮ್ಮೆ ಮಿತಿಯನ್ನು ಅರ್ಧಕ್ಕೆ ಇಳಿಸಿದ ರಾಜ್ಯ ಈಗಲೂ ತಿದ್ದುಪಡಿಗೆ ಕೈಹಾಕಬಹುದು, ಹಾಕಬೇಕು. ಆ ತಿದ್ದುಪಡಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಚೇರಿಗಳನ್ನು ಹೊರಗೆ ಬಿಡಲೂಬಾರದು.