ಬಿಡಿಗಾಸಿನ ಸಾಕ್ಷ್ಯ

ಹೊನ್ನು ಬೊಕ್ಕಸದಲ್ಲಿ ಮಲಗುತ್ತದೆ. ಬಿಡಿಗಾಸು ಸಂತೆಯಲ್ಲಿ ಸವೆಯುತ್ತದೆ. ಪ್ರಾಚೀನ ಅಥೆನ್ಸಿನ ಓಬೊಲ್ ಎಂಬ ಬೆಳ್ಳಿನಾಣ್ಯ ದ್ರಾಕ್ಮದ ಆರನೆಯ ಒಂದು ಪಾಲು; ತೂಕ ಒಂದು ಗ್ರಾಮಿಗೂ ಕಡಿಮೆ. ಪೇಟೆಗೆ ಹೊರಟ ಸಾಮಾನ್ಯನು ಅದನ್ನು ಬಾಯೊಳಗಿಟ್ಟುಕೊಂಡು ನಡೆಯುತ್ತಿದ್ದನು. ಇಂದು ಸಂಗ್ರಾಹಕರು ಅದನ್ನು ಅಕ್ಕರೆಯಿಂದ ಅರಸುತ್ತಾರೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕರು ಇಂಥ ಕಿರುನಾಣ್ಯವನ್ನು ಕಾಣಲು ಗ್ರೀಸಿಗೆ ಹೋಗಬೇಕಾಗಿಲ್ಲ. ನಿಪ್ಪಾಣಿಯಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ಕೊಲ್ಹಾಪುರದ ನೆಲದಲ್ಲಿ ಸೀಸದ ನಾಣ್ಯಗಳು ದೊರೆತಿವೆ. ಒಂದು ಮಗ್ಗುಲಲ್ಲಿ ಬಿಲ್ಲುಬಾಣ. ಸುತ್ತಲೂ ಬ್ರಾಹ್ಮೀ ಲಿಪಿಯಲ್ಲಿ ವಿಳಿವಾಯಕುರನೆಂಬ ಅರಸನ ಹೆಸರು. ಕ್ರಿ.ಶ. 2ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಭೂಗೋಳ ಬರೆದ ಟಾಲೆಮಿ, ಹಿಪ್ಪೊಕೂರದ ದೊರೆ ಬಲಿಯೊಕೂರನನ್ನು ಹೆಸರಿಸಿದ್ದಾನೆ. ಈ ಎರಡು ಹೆಸರುಗಳೂ ಒಂದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೂರದ ಗ್ರಂಥಕ್ಕೆ ನಮ್ಮ ನೆರೆಯ ಸೀಸದ ಬಿಲ್ಲೆಯೇ ಸಾಕ್ಷಿಯಾಯಿತು!

ಆದರೆ ನಾಣ್ಯದ ಸಾಕ್ಷ್ಯ ಲೋಹದಲ್ಲಿ ಅರ್ಧ, ಸಿಕ್ಕ ನೆಲದಲ್ಲಿ ಅರ್ಧ. 1945-46ರಲ್ಲಿ ಸಂಕಾಲಿಯಾ ಮತ್ತು ದೀಕ್ಷಿತರು ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು ಪದರ ಪದರವಾಗಿ ಅಗೆದು ದಾಖಲಿಸಿದ್ದು ಇದಕ್ಕಾಗಿಯೇ. ಯಾವ ಹೊಲ, ಎಷ್ಟು ಆಳ, ಜತೆಗೆ ಯಾವ ಮಡಕೆಯ ಚೂರು ಎಂಬುದನ್ನು ಬರೆದಿಡದೆ ಕೈಬದಲಾದ ಕಾಸು ಊರಿಲ್ಲದ ಅನಾಥ. ಸೀಸ, ತಾಮ್ರಗಳಿಗಂತೂ ಕುಲುಮೆಯ ಭಯ ಬೇರೆ.

ಆದುದರಿಂದ ನೇಗಿಲಿನ ಸಾಲಿನಲ್ಲಿ ಹಳೆಯ ಕಾಸು ಸಿಕ್ಕಿತೆಂದು ವಿದ್ಯಾರ್ಥಿಯೊಬ್ಬನು ತಂದು ತೋರಿಸಿದರೆ, ಅಧ್ಯಾಪಕರು ಅದರ ಬೆಲೆಯನ್ನು ಹೇಳುವ ಮೊದಲು ಹೊಲದ ಹೆಸರನ್ನು ಕೇಳಲಿ, ಬರೆದುಕೊಳ್ಳಲಿ, ಅಧಿಕಾರಿಗಳಿಗೆ ತಿಳಿಸಲಿ. ಸಂಗ್ರಹಕ್ಕಿಂತ ಹಿರಿದಾದ ವಿದ್ಯೆ ಅದು.